ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ

"ಕ್ಷಮಿಸಿ, ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿ," ಎಂದಿತು ಫ್ರಿಜ್ಜಿನ ಮೇಲಿನ ಡಬ್ಬಿ.

ಎಲ್ಬಿಯೊ ಇನ್ನೊಮ್ಮೆ ಹೇಳಿದ. ಒಂದು ಕಡೆಗೆ ಜೋತುಬಿದ್ದ ತುಟಿಯಿಂದ ಹೊರಟದ್ದು ಮಾತಲ್ಲ, ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವನ ಒದ್ದಾಟ. ಡಬ್ಬಿಯ ಅಂಚಿನಲ್ಲಿ ನೀಲಿ ಬೆಳಕು ಒಂದು ಸುತ್ತು ತಿರುಗಿ ನಿಂತಿತು. "ಕ್ಷಮಿಸಿ, ಅರ್ಥವಾಗಲಿಲ್ಲ."

"ಲಕ್ವ ಹೊಡೆದಿರೋದು ನಿಮ್ಮಪ್ಪನ ಬಾಯಿಗೆ," ಎಂದಳು ಡೆಲ್ಮಿರಾ, ಒಲೆಯ ಮುಂದಿನಿಂದ ಮಗಳ ಕಡೆಗೆ ತಿರುಗದೆಯೇ. "ನೀನು ತಂದಿರೋದು ಬಾಯಿಂದ ನಡೆಯೋ ಯಂತ್ರ. ಕುರುಡನಿಗೆ ಕನ್ನಡಿ ತಂದ ಹಾಗಾಯ್ತು."

"ಕೇಳ್ತಾ ಕೇಳ್ತಾ ಅದೂ ಕಲಿಯುತ್ತಂತೆ ಅಮ್ಮಾ," ಎಂದಳು ಸಿಲ್ವಾನಾ, ಕೆಲಸಕ್ಕೆ ಹೊರಡುವ ಅವಸರದಲ್ಲಿ ಕೂದಲು ಕಟ್ಟಿಕೊಳ್ಳುತ್ತ. ಅವಳು ಸೂಪರ್ ಮಾರ್ಕೆಟ್ಟಿನಲ್ಲಿ ಕ್ಯಾಷಿಯರ್. ಬೆಳಗ್ಗೆ ಹೋದರೆ ಸಂಜೆಗೇ ಬರುವುದು. "ದೀಪ ಹಾಕು ಅಂದ್ರೆ ಹಾಕುತ್ತೆ. ನನಗೆ ಫೋನ್ ಮಾಡು ಅಂದ್ರೆ ಮಾಡುತ್ತೆ. ನೀನು ಬಚ್ಚಲಲ್ಲಿ ಜಾರಿಬಿದ್ರೆ ಅಪ್ಪ ಏನ್ ಮಾಡ್ಬೇಕು, ಹೇಳು?"

ಡೆಲ್ಮಿರಾ ಒಲೆಯ ಉರಿ ತಗ್ಗಿಸಿದಳು.

"ಶನಿವಾರದ ತನಕ ನೋಡು. ಬೇಡ ಅನ್ಸಿದ್ರೆ ಅಂಗಡಿಯೋರು ವಾಪಸ್ ತಗೋತಾರೆ," ಎಂದಳು ಸಿಲ್ವಾನಾ.

"ಮೂರು ಕೋಣೆ ಮನೆ. ಕೂಗಿದ್ರೆ ಪಕ್ಕದ ಮನೆ ನಾಯಿ ಎದ್ದು ಬರುತ್ತೆ. ಮೂಗಿಗಿಂತ ಮೂಗುತಿ ಭಾರ ಕಣೆ."

ಆದರೆ ಅವಳ ಸಂಕಟ ಬೇರೆಯೇ. ಎಲ್ಬಿಯೊನ ಮಾತು ಅರ್ಥವಾಗುವುದು ಡೆಲ್ಮಿರಾಗೆ ಮಾತ್ರ ಎಂದು ಇಡೀ ಬೀದಿ ಹೇಳುತ್ತಿತ್ತು. ಡಾಕ್ಟರೂ ಹಾಗೇ ಹೇಳಿದ್ದರು, ಮಗಳೂ ಹಾಗೇ ನಂಬಿದ್ದಳು.

ಮಾತಿಗೆ ಹೆಸರಾದವನು ಅವನು. ಹೊಳೆಯಂಚಿನ ಪೈಸಾಂಡು ಊರಿನಲ್ಲಿ ಅವನ ಕ್ಷೌರದಂಗಡಿಗೆ ಜನ ಬರುತ್ತಿದ್ದದ್ದು ತಲೆಗಿಂತ ಹೆಚ್ಚಾಗಿ ಕಿವಿಗೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದಕ್ಕೆ ಅವನೇ ಸಾಕ್ಷಿಯಾಗಿದ್ದ. ಚಿಕ್ಕಂದಿನಲ್ಲಿ ಡೊರಾಡೊ ಮೀನಿಗೆ ಬೀಸಿದ ಗಾಳಕ್ಕೆ ಅಣ್ಣನ ಕಿವಿ ಸಿಕ್ಕಿ ಹರಿದುಹೋದ ಕತೆಯನ್ನು ಪ್ರತಿ ಗಿರಾಕಿಗೂ ಹೇಳಿ, ಪ್ರತಿ ಸಲವೂ ಆ ಮೀನನ್ನು ಒಂದು ಗೇಣು ಉದ್ದ ಮಾಡುತ್ತಿದ್ದ. ಚಳಿಗಾಲ ಕಾಲಿಟ್ಟ ಒಂದು ಬೆಳಗ್ಗೆ, ಗಿರಾಕಿಯೊಬ್ಬನ ಗಡ್ಡ ಅರ್ಧ ಬೋಳಿಸಿದ್ದಾಗ, ಕತ್ತಿ ಹಿಡಿದ ಕೈ ನಿಂತಿತು. ಬಾಯೂ ನಿಂತಿತು.

ಮೊದಮೊದಲು ಡೆಲ್ಮಿರಾ ನಿಜವಾಗಿಯೂ ಕೇಳುತ್ತಿದ್ದಳು. ಏನು, ಏನಂದೆ ಎಂದು ಕೇಳಿದಷ್ಟೂ ಅವನ ಕಣ್ಣು ತುಂಬುತ್ತಿತ್ತು. ನೋಡಲಾರದೆ ಒಂದು ದಿನ "ಹೂಂ, ಆಯ್ತು" ಎಂದುಬಿಟ್ಟಳು. ಅವನ ಮುಖ ಅರಳಿತು. ಅಂದಿನಿಂದ ಅವಳು ಕೋಲೆಬಸವನೇ. ಅವನು ಏನೆಂದರೂ ತಲೆಯಾಡಿಸಿ ನೀರು ತರುವುದು, ಇಲ್ಲವೇ ಮಾಟೆ ಎಲೆಯ ಕಷಾಯದ ಸೋರೆಬುರುಡೆ ತರುವುದು, ಇಲ್ಲವೇ ಹೊದಿಕೆ ಸರಿಮಾಡುವುದು. ಕಿವಿ ಹಿಡಿದೆಳೆದು ಏನಾದರೂ ಹೇಳಿದರೆ ಕಿವಿನೋವೆಂದು ಎಣ್ಣೆ ಬಿಸಿಮಾಡಿ ಬಿಡುತ್ತಿದ್ದಳು. ಅವನು ಗೋಡೆಯ ಕಡೆಗೆ ಹೊರಳಿ ಸುಮ್ಮನಾಗುತ್ತಿದ್ದ. ನೋವು ಇಳಿಯಿತು ಪಾಪ ಎಂದುಕೊಳ್ಳುತ್ತಿದ್ದಳು.

ಅವನಿಂದ ಮುಚ್ಚಿಟ್ಟ ಇನ್ನೊಂದು ಸಂಗತಿಯಿತ್ತು. ಹೊಳೆಯಾಚೆ ಕೊಲೋನ್ ಊರಿನಲ್ಲಿದ್ದ ಅವನ ಅಣ್ಣ ಅನೀಬಲ್, ಚಳಿಗಾಲವೆಲ್ಲ ಉಸಿರಿನ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದವನು, ಮರಗಳು ಚಿಗುರುವ ಹೊತ್ತಿಗೆ ತೀರಿಕೊಂಡ. ರೋಗಿಯ ಮನಸ್ಸಿಗೆ ಆಘಾತವಾಗಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ತಾಯಿ ಮಗಳು ಔಷಧಿ ತರುವ ನೆವ ಹೇಳಿ, ನೆರೆಯವಳನ್ನು ಅವನ ಬಳಿ ಕೂರಿಸಿ, ಸೇತುವೆ ದಾಟಿ ಹೋಗಿ ಅನೀಬಲ್‌ನ ಪೆಟ್ಟಿಗೆಯ ಮೇಲೆ ಹಿಡಿ ಮಣ್ಣು ಹಾಕಿ ಬಂದರು. ಕೇಳಲು ಅವನಿಗೆ ಬಾಯಿಲ್ಲವಲ್ಲ, ದೇವರೇ ದಾರಿ ಮಾಡಿದ ಎಂದು ಡೆಲ್ಮಿರಾ ಅಂದು ನಿಟ್ಟುಸಿರು ಬಿಟ್ಟಿದ್ದಳು.

ಗುರುವಾರ ಎಲ್ಬಿಯೊ ಡಬ್ಬಿಗೆ ಏನೋ ಹೇಳಿದ. ಅರ್ಥವಾಗಲಿಲ್ಲ ಎಂದಿತು ಡಬ್ಬಿ. ಅವನು ಹೆಂಡತಿಯ ಕಡೆ ತಿರುಗಿ, ಕಿವಿ ಹಿಡಿದುಕೊಂಡು, ಅದನ್ನೇ ಹೇಳಿದ.

"ಆಯ್ತು ಮುದುಕಾ, ಈಗ ತಂದೆ," ಎಂದು ಡೆಲ್ಮಿರಾ ಎಣ್ಣೆ ಬಿಸಿಗಿಟ್ಟಳು.

ಚಮಚ ಹಿಡಿದು ಬಂದಾಗ ಅವನು ಸರಿಯಿದ್ದ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ. ಡಬ್ಬಿಯನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ, ಮಗುವನ್ನು ಆಡಿಸುವವರಂತೆ, "ಲ ಲ ಲ ಲ" ಎಂದ. ಅಷ್ಟೇ.

"ಹೂಂ, ಆಯ್ತು," ಎಂದಿತು ಅವಳ ಬಾಯಿ, ರೂಢಿಯಿಂದ.

ಅವನು ಕೈ ಬಿಟ್ಟ. ಎಣ್ಣೆ ಅವಳ ಬೆರಳ ಮೇಲೆ ಚೆಲ್ಲಿತು. ತನ್ನ ಕಳ್ಳತನ ಸಿಕ್ಕಿಬಿದ್ದದ್ದು ಅವಳಿಗೆ ತಿಳಿಯಿತು, ನಾಚಿಕೆಯಿಂದ ಹಿಡಿಯಷ್ಟಾದಳು.

ಆಮೇಲೆ ಅವನು ಅವಳೊಡನೆ ತುಟಿ ಎರಡು ಮಾಡಲಿಲ್ಲ. ತಟ್ಟೆ ಕೊಟ್ಟರೆ ಉಂಡ, ಅಂಗಿ ತೊಡಿಸಿದರೆ ತೋಳು ಕೊಟ್ಟ. ಮಾತೆಲ್ಲ ಡಬ್ಬಿಯ ಜೊತೆ. ಅದು ಅರ್ಥವಾಗಲಿಲ್ಲ ಎನ್ನುತ್ತಿತ್ತು, ಅವನು ಮತ್ತೆ ಹೇಳುತ್ತಿದ್ದ. ಪಾತ್ರೆ ತೊಳೆಯುತ್ತ ನಿಂತ ಡೆಲ್ಮಿರಾಗೆ ಅಂಥ ಹೊಟ್ಟೆಯುರಿ ಯಾವ ಹೆಂಗಸಿನ ಮೇಲೂ ಬಂದದ್ದಿಲ್ಲ.

ಶನಿವಾರ ಬೆಳಗ್ಗೆ ಸಿಲ್ವಾನಾ ಹೊರಡುತ್ತ, "ಏನಂತೀಯಾ? ಸಂಜೆ ಬಂದು ವಾಪಸ್ ಕೊಟ್ಟು ಬರ್ಲಾ?" ಎಂದಳು.

"ಕೊಟ್ಟುಬಿಡು. ಈ ಮನೆಗೆ ಬೇಕಾಗಿಲ್ಲ."

ಮಗಳು ಹೋದ ಮೇಲೆ ಡೆಲ್ಮಿರಾ ಪ್ಲಗ್ಗು ಕಿತ್ತು, ವೈರು ಸುತ್ತಿ, ಡಬ್ಬಿಯನ್ನು ಅದರ ರಟ್ಟಿನ ಪೆಟ್ಟಿಗೆಗೆ ಹಾಕಿ ಮೇಜಿನ ಮೇಲಿಟ್ಟಳು. ಎಲ್ಬಿಯೊ ನೋಡುತ್ತಿದ್ದ. ಎಡಗೈ ಚಾಚಿ ಪೆಟ್ಟಿಗೆಯ ಮೇಲಿಟ್ಟ. ಸಿಟ್ಟಿನಿಂದಲ್ಲ. ಊರಿಗೆ ಹೊರಟವರ ಭುಜದ ಮೇಲೆ ಇಡುತ್ತಾರಲ್ಲ, ಹಾಗೆ.

ಡೆಲ್ಮಿರಾ ಕುರ್ಚಿ ಎಳೆದು ಅವನೆದುರು ಕೂತಳು.

"ನನಗೂ ಅರ್ಥ ಆಗ್ಲಿಲ್ಲ ಮುದುಕಾ. ಮೊನ್ನೆ ಒಂದಿನ ಅಲ್ಲ, ಯಾವತ್ತೂ ಆಗಿರ್ಲಿಲ್ಲ. ನೀನು ಅಳೋದು ನೋಡಕ್ಕಾಗದೆ ಹೂಂಗುಟ್ಟಿದೆ. ಇನ್ನೊಂದ್ಸಲ ಹೇಳು."

ಅವನು ಪೆಟ್ಟಿಗೆಯಿಂದ ಕೈ ತೆಗೆದು ಅವಳ ಕಡೆ ತಿರುಗಿದ. ಆಮೇಲೆ ಹೇಳಿದ.

"ಆಗ್ಲಿಲ್ಲ. ಇನ್ನೊಂದ್ಸಲ," ಎಂದಳು ಡೆಲ್ಮಿರಾ.

ಒಲೆಯ ಮೇಲಿನ ನೀರು ಕುದಿದು ಬತ್ತುತ್ತಿತ್ತು. ಎದ್ದು ಹೋಗಿ ಆರಿಸಿ, ಮತ್ತೆ ಬಂದು ಕೂತಳು. ಅವನು ಈ ಸಲ ಅಳಲಿಲ್ಲ. ಅಂಗಡಿಯ ಕುರ್ಚಿಯಲ್ಲಿ ಹಟ ಹಿಡಿದ ಮಗುವಿನ ತಲೆಗೂದಲು ಕತ್ತರಿಸುವಾಗ ಇರುತ್ತಿದ್ದ ತಾಳ್ಮೆ ಅವನ ಮುಖಕ್ಕೆ ಬಂದಿತ್ತು. ಕೊನೆಗೆ ಮಾತು ಬಿಟ್ಟು, ಎಡಗೈಯನ್ನು ಭುಜದ ಹಿಂದಕ್ಕೆ ಒಯ್ದು ಮುಂದಕ್ಕೆ ಬೀಸಿದ. ಗಾಳ ಬೀಸುವ ಕೈ. ಕಿವಿಯ ತುದಿ ಹಿಡಿದು ಜಗ್ಗಿದ. ಕಿಟಕಿಯಾಚೆ, ಹೊಳೆಯ ದಿಕ್ಕಿಗೆ, ಬೆರಳು ತೋರಿಸಿ, ಅಂಗೈ ಬಿಚ್ಚಿ ಕೇಳಿದ.

ಮದುವೆಯಾದಾಗಿನಿಂದ ಆ ಕತೆಯನ್ನು ಇದೇ ಅಭಿನಯದ ಸಮೇತ ಕೇಳಿ ಬೇಸತ್ತವಳು ಅವಳು.

"ಅನೀಬಲ್," ಎಂದಳು. "ಅನೀಬಲ್ ಯಾಕೆ ಬರ್ಲಿಲ್ಲ ಅಂತ ಕೇಳ್ತಿದ್ದೆಯಾ?"

ಎಲ್ಬಿಯೊ ತೊಡೆ ತಟ್ಟಿಕೊಂಡ. ಅರ್ಧ ಮುಖದಲ್ಲಿ ನಕ್ಕ. ನೋಡಿದೆಯಾ ಎನ್ನುವಂತೆ ರಟ್ಟಿನ ಪೆಟ್ಟಿಗೆಯನ್ನೂ ಒಮ್ಮೆ ತಟ್ಟಿದ.

ಮೊದಲ ಸಲ ಎಣ್ಣೆ ಬಿಟ್ಟದ್ದು ಚಳಿಗಾಲದಲ್ಲಿ. ಆಗ ಅನೀಬಲ್ ಬದುಕಿದ್ದ. ಸೇತುವೆಯಾಚೆ, ಟ್ಯಾಕ್ಸಿ ಹಿಡಿದರೆ ಹೋಗಿ ಬರುವಷ್ಟು ದೂರದಲ್ಲಿ. ಏದುಸಿರು ಬಿಡುತ್ತ ಫೋನಿನಲ್ಲಿ ಅವನೂ ಕೇಳಿದ್ದ, "ನನ್ನ ಕೇಳ್ತಾನಾ ಡೆಲ್ಮಿರಾ?" ಎಂದು. "ಎಲ್ಲಿ ಕೇಳ್ತಾನೆ ಪಾಪ, ಕಿವಿನೋವು ಅಂತ ಒದ್ದಾಡ್ತಾನೆ ಅಷ್ಟೆ," ಎಂದಿದ್ದಳು ಅವಳು.

ಎಲ್ಬಿಯೊ ಎಡಗೈಯಿಂದ ಕೂದಲು ಹಿಂದಕ್ಕೆ ತೀಡಿಕೊಂಡ. ಹೊಳೆಯ ದಿಕ್ಕನ್ನೂ ಬಾಗಿಲ ಬಳಿಯಿದ್ದ ಹೊರಗೆ ಹೋಗುವ ಷೂಗಳನ್ನೂ ತೋರಿಸಿ, ಕಾಲು ಮುಂದೆ ಚಾಚಿದ.

ಡೆಲ್ಮಿರಾ ಷೂ ತಂದು ನೆಲದ ಮೇಲೆ ಕೂತಳು. ಒಂದನ್ನು ತೊಡಿಸಿದಳು, ಇನ್ನೊಂದನ್ನು ತೊಡಿಸಿದಳು. ದಾರ ಕಟ್ಟಿದಳು. ಬಿಚ್ಚಿದಳು. ಮತ್ತೆ ಕಟ್ಟತೊಡಗಿದಳು. ಮೇಲಿನಿಂದ ಅವನ ಕೈ ಬಂದು, ಬೇಗ, ಬೇಗ ಎನ್ನುವಂತೆ, ಅವಳ ತಲೆಯನ್ನು ಮೆಲ್ಲಗೆ ತಟ್ಟಿತು.