ಕೂಲರಿನ ನೀರು

ಗೋರಖನಾಥ ಕಂಪ್ಯೂಟರನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ಹೆಂಡತಿಯನ್ನು ನೋಡಿಕೊಂಡಿದ್ದರೆ ಅವಳು ತವರು ಸೇರುತ್ತಿರಲಿಲ್ಲ ಎಂದು ಔರಾದಿನ ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಜನರಿಗೇನು ಕೆಲಸ! ಬರಗಾಲದಲ್ಲಿ ಊರೂರಿಗೆ ನೀರಿನ ಟ್ಯಾಂಕರ್ ಕಳಿಸುವ ಸೇವಾ ಸಂಘದಲ್ಲಿ ಅವನು ಗುಮಾಸ್ತ; ಆ ಪುಟ್ಟ ಕಚೇರಿಯಲ್ಲಿ ಹತ್ತು ವರ್ಷದ ಹಳೆಯ ಮಷೀನೇ ಯಜಮಾನ. ಅದಕ್ಕೆ ಹೊಲಿಸಿದ ಹೊದಿಕೆ, ಅಮಾವಾಸ್ಯೆಗೊಂದು ಲಿಂಬೆಹಣ್ಣು, ಸೆಕೆಯಾಗದಂತೆ ಮಗ್ಗುಲಲ್ಲೇ ನೀರಿನ ಕೂಲರು.

೨೦೧೬ರ ಮೇ ತಿಂಗಳ ಒಂದು ಬೆಳಿಗ್ಗೆ ಆ ಯಜಮಾನ ಏಳಲಿಲ್ಲ. ಪರದೆ ಕಪ್ಪು. ಗುಂಡಿ ಒತ್ತಿದರೆ ಬೀಪ್, ಬೀಪ್ ಎಂದು ನಿಲ್ಲದ ಅರಚಾಟ.

ಬೇರೆ ದಿನವಾಗಿದ್ದರೆ ಆಗಲಿ ಬಿಡು ಅನ್ನಬಹುದಿತ್ತು. ಆದರೆ ಮಾಳವಾಡಿಯ ಮುದುಕಿ ಜಿಜಾಬಾಯಿ ಆಗಲೇ ಬಾಗಿಲಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ಖಾಲಿ ಕೊಡ. ಮಾಳವಾಡಿಯ ದುಡಿಯುವ ಕೈಗಳೆಲ್ಲ ಹೈದರಾಬಾದು, ಪುಣೆ ಸೇರಿದ್ದವು. ಊರು ಖಾಲಿ ಎಂದು ಸಂಘದ ಬೀದರಿನ ಮುಖ್ಯ ಕಚೇರಿ ಟ್ಯಾಂಕರ್ ನಿಲ್ಲಿಸಲು ಹೊರಟಿತ್ತು. ಅಲ್ಲಿ ಉಳಿದದ್ದು ನಲವತ್ತಮೂರು ಮಂದಿ, ಮುದುಕರು ಮತ್ತು ಮಕ್ಕಳು. ಗೋರಖನಾಥ ಮನೆಮನೆ ತಿರುಗಿ ಅವರ ಫೋಟೊ ತೆಗೆದು ಪಟ್ಟಿ ಮಾಡಿದ್ದ. ಅದು ಆ ದಿನ ನಾಲ್ಕು ಗಂಟೆಯೊಳಗೆ ಬೀದರಿಗೆ ಹೋಗದಿದ್ದರೆ ನಾಳೆಯಿಂದ ಮಾಳವಾಡಿಗೆ ನೀರಿಲ್ಲ. ಪಟ್ಟಿ, ಫೋಟೊ ಎಲ್ಲ ಆ ಮಷೀನಿನೊಳಗೇ ಇದ್ದವು. ಔರಾದಿನ ಒಂದೇ ಒಂದು ನೆಟ್ ಅಂಗಡಿಯವನೂ ಬೀಗ ಜಡಿದು ಪುಣೆಯ ಬಸ್ಸು ಹತ್ತಿದ್ದ.

ಭಾಲ್ಕಿಯಿಂದ ಕಂಪ್ಯೂಟರ್ ರಿಪೇರಿಯ ಕುಬರಾ ಬಂದಿಳಿದಾಗ ಒಂದು ಗಂಟೆ. ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಮಷೀನಿನ ಡಬ್ಬಿ ಬಿಚ್ಚಿ, ಒಳಗಿಂದ ಬೆರಳಗಲದ ಎರಡು ಹಸಿರು ಪಟ್ಟಿಗಳನ್ನು ಕಿತ್ತಳು.

"ರ‍್ಯಾಮ್ ಹೋಗ್ಯಾವರಿ, ಎರಡೂ. ಮಷೀನಿನ ನೆನಪು ಇವ; ಒಳಗಿನ ಫೋಟೊ ಬ್ಯಾರೆ ಕಡಿ ಅದಾವ, ಅವಕ್ಕೇನಾಗಿಲ್ಲ."

"ನಿಮ್ಮ ಹತ್ರ ಬ್ಯಾರೆ ಇಲ್ಲೇನ್ರಿ?"

"ಅವ ಅದಾವ, ಆದ್ರ ಹೊಸಾ ನಮೂನಿವು. ಇದರಾಗ ಕೂಡೂದಿಲ್ಲ. ಈ ಹಳೀವು ಹೈದ್ರಾಬಾದಿನಾಗೇ ಸಿಗಬೇಕು."

ಕುಬರಾ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಟ್ಟಿಯ ಬಂಗಾರಬಣ್ಣದ ಅಂಚನ್ನು ಉಜ್ಜಿದಳು. ಸಾಮಾನ್ಯವಾಗಿ ಅಷ್ಟರಲ್ಲೇ ಇವಕ್ಕೆ ಜೀವ ಬರುತ್ತದೆ. ಈ ಸಲ ಬರಲಿಲ್ಲ. ಭೂತಗನ್ನಡಿ ಹಿಡಿದು ನೋಡಿ, ಬಿಳಿ ಕಣವೊಂದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡಳು.

"ಉಪ್ಪು. ಕೂಲರಿಗಿ ಯಾವ ನೀರು ಹಾಕ್ತೀರಿ?"

"ಹಿತ್ತಲ ಬೋರಿಂದು... ಏಳನೂರು ಫೂಟಿಂದು."

"ದಿನಾ ಎಷ್ಟು?"

ಗೋರಖನಾಥ ಕೂಲರಿನ ಕಡೆ ನೋಡಿದ. ಬಾಗಿಲಲ್ಲಿ ಕುಳಿತ ಜಿಜಾಬಾಯಿ ಇತ್ತಲೇ ನೋಡುತ್ತಿದ್ದಳು.

"ಎರಡು ಕೊಡ," ಎಂದ.

ಕೂಲರಿನ ತಂಪು ಗಾಳಿಯ ಜೊತೆ ಉಪ್ಪುನೀರಿನ ಹನಿಯೂ ಹಾರಿ, ಎರಡು ತಿಂಗಳಲ್ಲಿ ಮಷೀನಿನ ಹೊಟ್ಟೆಯಲ್ಲಿ ಹರಳುಗಟ್ಟಿತ್ತು. ಕೊಂದವನು ತಾನೇ ಎಂದು ಅವನಿಗೆ ಗೊತ್ತಾಯಿತು. ಜಿಜಾಬಾಯಿ ಬೈದುಬಿಟ್ಟಿದ್ದರೆ ಎದೆ ಹಗುರಾಗುತ್ತಿತ್ತು. ಅವಳು ಖಾಲಿ ಕೊಡವನ್ನು ಹತ್ತಿರ ಎಳೆದುಕೊಂಡಳು.

"ಹುಳಿಗಿ ಉಪ್ಪು ಬಿಡ್ತದ," ಎಂದಳು ಕುಬರಾ. "ಆದ್ರ ತೊಳಿಲಿಕ್ಕಿ ಉಪ್ಪಿಲ್ಲದ ನೀರು ಬೇಕು. ಬ್ಯಾಟರಿ ನೀರು ಸಿಗ್ತದೇನು?"

ಗೋರಖನಾಥ ಓಡಿದ. ಬ್ಯಾಟರಿ ಅಂಗಡಿಯ ಬಾಗಿಲೂ ಹಾಕಿತ್ತು.

ಬರಿಗೈಲಿ ಬಂದವನನ್ನು ಕುಬರಾ ಎದುರಿನ ಖಾಜಾ ಮಿಯಾನ ಚಹಾ ಹೋಟೆಲಿಗೆ ಎಳೆದೊಯ್ದಳು. ಹುಣಸೆರಸದಲ್ಲಿ ಪಟ್ಟಿಗಳನ್ನು ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದಳು. ಕುದಿಯುವ ಕೆಟಲಿನ ಮೂತಿಗೆ ಸ್ಟೀಲ್ ತಾಟನ್ನು ಓರೆಯಾಗಿ ಹಿಡಿದಳು. ಹಬೆ ತಾಟಿಗೆ ಬಡಿದು ಹನಿಯಾಗಿ ಗ್ಲಾಸಿಗೆ ಬಿತ್ತು. ಒಂದು. ಬಹಳ ಹೊತ್ತಿಗೆ ಇನ್ನೊಂದು.

"ಇದರಾಗ ಉಪ್ಪಿರೂದಿಲ್ಲ. ನೀವು ಹಿಡೀರಿ."

ಗೋರಖನಾಥ ತಾಟು ಹಿಡಿದ. ಎರಡು ಗಂಟೆ. ಎರಡೂವರೆ. ಬೆರಳು ಸುಟ್ಟವು, ಬಿಡಲಿಲ್ಲ. ಜಿಜಾಬಾಯಿ ಎದ್ದು ಬಂದು ತನ್ನ ಸೆರಗನ್ನು ಮಡಚಿ ಅವನ ಬೆರಳ ಕೆಳಗೆ ಇಟ್ಟಳು. ಸುಟ್ಟ ಬೆರಳಿಗಿಂತ ಆ ಸೆರಗೇ ಅವನಿಗೆ ಹೆಚ್ಚು ಉರಿಯಿತು. ಕಾಲು ಗ್ಲಾಸು ಆಗುವಷ್ಟರಲ್ಲಿ ಮೂರು ಗಂಟೆ.

ತೊಳೆದ ಪಟ್ಟಿಗಳನ್ನು ಕುಬರಾ ತಗಡಿನ ಮೇಲೆ ಬಿಸಿಲಿಗೆ ಇಟ್ಟಳು. ಊರನ್ನೆಲ್ಲ ಸುಟ್ಟ ಆ ಹಾಳು ಬಿಸಿಲು ಅಂದಾದರೂ ಒಂದು ಒಳ್ಳೆಯ ಕೆಲಸ ಮಾಡಿತು.

ಮೂರೂ ಮೂವತ್ತೈದು. ಮೊದಲ ಪಟ್ಟಿ ಹಾಕಿದಳು. ಬೀಪ್, ಬೀಪ್, ಬೀಪ್. ಕಿತ್ತಳು.

"ಇದು ಖರೇನೇ ಸತ್ತದರಿ."

ಎರಡನೆಯದನ್ನು ಒತ್ತಿದಳು. ಗೋರಖನಾಥ ಗುಂಡಿಗೆ ಬೆರಳು ಒಯ್ದ, ಒತ್ತಲು ಧೈರ್ಯವಾಗಲಿಲ್ಲ. ಹಿಂದಿನಿಂದ ಜಿಜಾಬಾಯಿಯ ದನಿ ಬಂತು: "ಒತ್ತೋ ತಮ್ಮಾ."

ಒತ್ತಿದ. ಒಂದೇ ಒಂದು ಚಿಕ್ಕ ಬೀಪ್. ಪರದೆಯಲ್ಲಿ ಅಕ್ಷರ ಮೂಡಿದವು.

ಅರ್ಧ ನೆನಪಿನಲ್ಲಿ ಮಷೀನು ತೆವಳಿತು. ನಲವತ್ತಮೂರು ಮುಖಗಳು ಒಂದೊಂದಾಗಿ ಏರಿದವು. ನಾಲ್ಕಕ್ಕೆ ಮೂರು ನಿಮಿಷ ಇರುವಾಗ ಮಾಳವಾಡಿಯ ಪಟ್ಟಿ ಬೀದರಿಗೆ ಹೋಯಿತು. ಐದು ನಿಮಿಷಕ್ಕೆ ಬೀದರಿನಿಂದ ಫೋನು ಬಂತು: ಮಾಳವಾಡಿಗೆ ಟ್ಯಾಂಕರ್ ಮುಂದುವರಿಯುತ್ತದೆ.

ಕುಬರಾ ಎದ್ದು ಕೂಲರಿನ ವೈರು ಕಿತ್ತಳು. "ಇನ್ನ ಮಷೀನಿಗಿ ಕೂಲರ್ ಬ್ಯಾಡ. ಫ್ಯಾನ್ ಸಾಕು."

ಈಗಾದರೂ ಬೈಯುತ್ತಾಳೆ ಎಂದು ಗೋರಖನಾಥ ಜಿಜಾಬಾಯಿಯ ಕಡೆ ತಿರುಗಿದ. ಅವಳು ಕೊಡ ಎತ್ತಿಕೊಂಡು ಕೂಲರಿನ ಹತ್ತಿರ ಬಂದು, ಒಳಗೆ ಇಣುಕಿದಳು.

"ತಮ್ಮಾ, ಈ ನೀರು ನಿಮಗ ಇನ್ನ ಬೇಕೇನು?"

"ಉಪ್ಪದ ಆಯಿ, ಕುಡಿಲಿಕ್ಕಿ ಬರೂದಿಲ್ಲ."

"ಸೊಸಿ ಪುಣೇಕ ಹೋಗ್ಯಾಳ, ಕೂಸು ನನ್ನ ಹತ್ರ ಬಿಟ್ಟಾಳ. ಅದರ ಮೈ ತೊಳದು ಎಂಟು ದಿನ ಆಯ್ತು."

ಗೋರಖನಾಥ ಕೂಲರಿನ ಮುಂದೆ ಮಂಡಿಯೂರಿ, ತಳ ಕಾಣುವವರೆಗೂ ತಂಬಿಗೆಯಿಂದ ಮೊಗೆದು ಕೊಡ ತುಂಬಿಸಿದ. ಆಮೇಲೆ ಹಿತ್ತಲ ಬೋರಿನ ಬೀಗದ ಕೈಯನ್ನು ಗೂಟದಿಂದ ತೆಗೆದು ಅವಳ ಕೈಯಲ್ಲಿಟ್ಟು, ಕೊಡವನ್ನು ಹೆಗಲಿಗೇರಿಸಿಕೊಂಡು ಅವಳನ್ನು ಬಸ್ಸು ಹತ್ತಿಸಲು ನಿಲ್ದಾಣದ ದಾರಿ ಹಿಡಿದ.