ಯಾರನ್ನು ಇಳಿಸುವುದು

ನನ್ನ ಅತ್ತೆ ಕಾದಂಬರಿ ಬರೆದಿದ್ದಾರೆ ಅಂದರೆ ಯಾರೂ ನಂಬುವುದಿಲ್ಲ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಇನ್ನು ಕಾಲು ಚಾಚಿಕೊಂಡು ಟಿವಿ ನೋಡುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವರು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತವರು ಏಳಲೇ ಇಲ್ಲ. ಎರಡು ವರ್ಷ ನಾನೂ ನನ್ನ ಗಂಡನೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು.

ಕೊನೆಗೂ ಕಾದಂಬರಿ ಮುಗಿಯಿತು. ಒಂದೇ ಬಸ್ಸು, ಒಂದೇ ಹಗಲು, ಅರವತ್ತಕ್ಕೂ ಮೇಲೆ ಪಾತ್ರಗಳು. ಮೊದಲು ಓದಿದವಳು ನಾನೇ. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಯಾರು ಯಾರ ಚಿಕ್ಕಪ್ಪ, ಯಾರ ಛತ್ರಿ ಯಾರ ಕೈಗೆ ಹೋಯಿತು ಅನ್ನುವುದೇ ಮರೆತುಹೋಗಿತ್ತು.

"ಅತ್ತೆ, ಇಷ್ಟೊಂದು ಜನ ಯಾಕೆ? ಓದೋರಿಗೆ ತಲೆ ಚಿಟ್ಟು ಹಿಡಿಯುತ್ತೆ," ಅಂದೆ.

"ಬಸ್ ತುಂಬ್ತು ಅಂತ ಟಿಕೆಟ್ ತಗೊಂಡೋರನ್ನ ಇಳಿಸಕ್ಕಾಗುತ್ತೇನೇ?"

"ಸ್ವಲ್ಪ ಜನಾನ ಮುಂದಿನ ಬಸ್ಸಿಗೆ ಬನ್ನಿ ಅನ್ನಬಹುದಲ್ಲ."

"ಹಾಗಾದ್ರೆ ಮೊದಲು ನಿನ್ನನ್ನೇ ಇಳಿಸ್ತೀನಿ. ನೀನೂ ಇದ್ದೀಯ ಅದರಲ್ಲಿ."

ಇದ್ದೆ, ನಿಜ. ಬಸ್ಸು ಹತ್ತಿದ ಕೂಡಲೇ ಕಿಟಕಿ ಸೀಟಿಗೆ ಜಗಳ ತೆಗೆಯುವ ಹೆಂಗಸು ನಾನೇ. ಅದಾದ ಮೇಲೆ ನಾನು ಆ ಮಾತು ಎತ್ತಲಿಲ್ಲ.

ಇಬ್ಬರು ಪ್ರಕಾಶಕರು ಪುಸ್ತಕವನ್ನು ವಾಪಸು ಕಳಿಸಿದರು. ಇಬ್ಬರದೂ ಒಂದೇ ರಾಗ: ಪಾತ್ರ ಜಾಸ್ತಿ. ಅತ್ತೆಯ ಮುಖ ಸಣ್ಣದಾಯಿತು. ಅವರು ಕಾಗದದ ಕಟ್ಟಿಗೆ ದಾರ ಸುತ್ತಿ, "ಇನ್ನೊಬ್ರು ಬೇಡ ಅಂದ್ರೆ ರದ್ದಿಗೆ ಹಾಕ್ತೀನಿ," ಅಂದರು. ನನ್ನ ಅತ್ತೆ ಬಾಯಿಮಾತಿಗೆ ಏನನ್ನೂ ಹೇಳುವವರಲ್ಲ. ಆಗ ನನಗೆ ಹೆದರಿಕೆಯಾಯಿತು. ತಲೆ ಚಿಟ್ಟು ಹಿಡಿಸಿದ ಪುಸ್ತಕವೇ ಇರಲಿ, ಅದು ರದ್ದಿಯವನ ತಕ್ಕಡಿ ಏರುವುದನ್ನು ನಾನು ನೋಡಲಾರೆ.

ನನ್ನ ಕಸುಬು ಪುಸ್ತಕ ಓದುವುದು. ಜನ ಕಿವಿಯಲ್ಲಿ ಕೇಳುವ ಪುಸ್ತಕಗಳಿಗೆ ದನಿ ಕೊಡುತ್ತೇನೆ. ನಮ್ಮ ಸ್ಟುಡಿಯೋದ ಮಾಲೀಕರು ಕಾಗದದ ಕಟ್ಟನ್ನು ತಿರುವಿ ಹಾಕಿ ಅದೇ ರಾಗ ತೆಗೆದರು. "ಓದೋರಾದ್ರೆ ಹಿಂದಿನ ಪುಟ ತಿರುಗಿಸಿ ನೋಡ್ಕೋತಾರೆ. ಕೇಳೋರು ಏನು ಮಾಡ್ತಾರೆ? ಅರ್ಧ ಜನ ಸಾಕು ಮೇಡಂ."

ನನ್ನ ಜೊತೆ ಬಂದಿದ್ದ ಅತ್ತೆ ಎದ್ದು ನಿಂತರು. "ಸಾರ್, ಒಂದು ಅಧ್ಯಾಯ ಇವಳ ಹತ್ರ ಓದಿಸಿ. ನೀವು ಕಣ್ಣು ಮುಚ್ಕೊಂಡು ಕೇಳಿ. ಆಮೇಲೆ ಯಾರ್ಯಾರು ಮಾತಾಡಿದ್ರು ಹೇಳಿ. ಒಬ್ಬರನ್ನ ಇನ್ನೊಬ್ರು ಅಂದ್ಕೊಂಡ್ರೂ ಸರಿ, ಅರ್ಧ ಜನಾನ ನಾನೇ ಇಳಿಸ್ತೀನಿ. ಎಲ್ಲರೂ ಗೊತ್ತಾದ್ರೆ ಪೂರ್ತಿ ಪುಸ್ತಕ ರೆಕಾರ್ಡ್ ಮಾಡ್ಬೇಕು."

ಮಾಲೀಕರಿಗೆ ಪಂದ್ಯ ಅಂದರೆ ಪ್ರಾಣ. ತಕ್ಷಣ ಒಪ್ಪಿಬಿಟ್ಟರು. ಪಂದ್ಯ ಕಟ್ಟಿದವರು ಅತ್ತೆ, ಕುಣಿಯಬೇಕಾದವಳು ನಾನು. ನೋಡಿದರೆ ಅವರು ಆರಿಸಿದ್ದು ಬಸ್ಸು ಕೆಟ್ಟು ನಿಲ್ಲುವ ಅಧ್ಯಾಯ. ಅದರಲ್ಲಿ ಬಸ್ಸಿಗೆ ಬಸ್ಸೇ ಬಾಯಿ ಬಿಡುತ್ತದೆ.

ತಯಾರಿಗೆ ಒಂದು ವಾರ ಸಿಕ್ಕಿತು. ನನ್ನದೊಂದು ಪದ್ಧತಿಯಿದೆ. ನಾನು ದನಿಗಳನ್ನು ಹುಟ್ಟಿಸುವುದಿಲ್ಲ, ಗುರುತಿನವರಿಂದ ಕದಿಯುತ್ತೇನೆ. ಹಲ್ಲಿನ ಡಾಕ್ಟರಿಗೆ ನನ್ನ ಸೋದರಮಾವನ ಮೂಗಿನ ದನಿ ಕೊಟ್ಟೆ. ಪೇಂಟರನಿಗೆ ಪಕ್ಕದ ಮನೆಯ ಪ್ಲಂಬರನ ಗೊಗ್ಗರು ದನಿ. ಇಬ್ಬರು ಅಕ್ಕತಂಗಿಯರಲ್ಲಿ ಅಕ್ಕನಿಗೆ ನನ್ನ ನಾದಿನಿ, ತಂಗಿಗೆ ನೆಗಡಿಯಾದಾಗಿನ ಅದೇ ನಾದಿನಿ. ನಿದ್ದೆಗಣ್ಣಿನ ಮುದುಕನಿಗೆ ಬೆಳಗಿನ ಕಾಫಿಗೆ ಮುಂಚಿನ ನನ್ನ ಗಂಡ. ಪರೀಕ್ಷೆಗೆ ಹೊರಟ ಹುಡುಗಿಗೆ ಒಂದೇ ಉಸಿರಿನಲ್ಲಿ ಮಾತಾಡುವ ನಮ್ಮ ಬ್ಯಾಂಕಿನ ಕ್ಯಾಷಿಯರ್. ಹೀಗೆ ಕದಿಯುತ್ತಾ ಕದಿಯುತ್ತಾ ಗುರುತಿನವರೆಲ್ಲ ಖರ್ಚಾಗಿಬಿಟ್ಟರು. ಆದರೆ ಒಂದು ವಿಚಿತ್ರ ನಡೆಯಿತು. ದನಿ ಸಿಕ್ಕ ಕೂಡಲೇ ಒಬ್ಬೊಬ್ಬರೂ ನನಗೆ ಬೇಕಾದವರಾದರು. ಛತ್ರಿ ಯಾರ ಕೈಗೆ ಹೋಯಿತು ಅಂತ ಈಗ ಮರೆಯುವುದೇ ಇಲ್ಲ. ಪಾತ್ರೆ ತೊಳೆಯುವಾಗಲೂ ಆ ಹುಡುಗಿ ಪರೀಕ್ಷೆಗೆ ಹೊತ್ತಿಗೆ ಸರಿಯಾಗಿ ತಲುಪಲಿ ಅಂತ ಹಾರೈಸುತ್ತಿದ್ದೆ, ಮುಂದೇನಾಗುತ್ತದೆ ಅಂತ ಗೊತ್ತಿದ್ದೂ.

ಆ ದಿನ ಬಳೆ ಬಿಚ್ಚಿಟ್ಟು ಒಳಗೆ ಹೋದೆ. ಮೈಕಿಗೆ ಬಳೆಯ ಸದ್ದೂ ಕೇಳುತ್ತದೆ, ಹಸಿದ ಹೊಟ್ಟೆಯ ಸದ್ದೂ ಕೇಳುತ್ತದೆ. ಫ್ಯಾನ್ ಹಾಕುವ ಹಾಗಿಲ್ಲ. ಗಾಜಿನ ಆಚೆ ಮಾಲೀಕರು ಕಿವಿಗೆ ಹೆಡ್‌ಫೋನ್ ಹಾಕಿ ನನಗೆ ಬೆನ್ನು ತಿರುಗಿಸಿ ಕೂತರು. ಅತ್ತೆ ಅವರ ಪಕ್ಕದಲ್ಲಿ, ಕುರ್ಚಿಯ ತುದಿಯಲ್ಲಿ.

ಶುರು ಮಾಡಿದೆ. ಮೊದಲ ಪುಟದಲ್ಲಿ ಇನ್ನೂ ಜನ ಹತ್ತುತ್ತಿದ್ದಾರೆ, ನೂಕುನುಗ್ಗಲು. ಡಾಕ್ಟರ ಕಾಲನ್ನು ಪೇಂಟರ್ ತುಳಿದ, ಅಕ್ಕ ತಂಗಿಯನ್ನು ಗದರಿದಳು. ನಡುವೆ ಒಂದು ಮಾತು ಬಂತು: "ಮುಂದೆ ಹೋಗಿ, ಮುಂದೆ ಜಾಗ ಇದೆ." ಯಾರು ಅಂದದ್ದು ಅಂತ ಅತ್ತೆ ಬರೆದಿರಲಿಲ್ಲ. ಮನೆಯಲ್ಲಿ ಓದುವಾಗ ಈ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಿಲ್ಲಿಸಿದರೆ ಪಂದ್ಯ ಕೆಡುತ್ತದೆ. ಬಾಯಿಗೆ ಬಂದ ದನಿಯಲ್ಲಿ ಅಂದುಬಿಟ್ಟು ಮುಂದೆ ಓಡಿದೆ.

ಆಮೇಲೆ ಬಸ್ಸು ಕೆಟ್ಟು ನಿಂತಿತು ನೋಡಿ, ನನಗೆ ಮೈಮೇಲೆ ಬಂದ ಹಾಗಾಯಿತು. ಎಲ್ಲರೂ ರಸ್ತೆಗಿಳಿದು ಡ್ರೈವರನಿಗೆ ಬುದ್ಧಿ ಹೇಳುವವರೇ. ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ನೆಗಡಿಗೆ ಜಿಗಿಯುತ್ತಿದ್ದೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಗಾಜಿನಾಚೆ ಮಾಲೀಕರ ಭುಜ ಕುಲುಕುತ್ತಿತ್ತು, ನಗುತ್ತಿದ್ದರು. ಇಷ್ಟು ಖುಷಿಯಿಂದ ನಾನು ಯಾವ ಪುಸ್ತಕವನ್ನೂ ಓದಿರಲಿಲ್ಲ. ಮುಗಿದಾಗ ಇನ್ನೂ ಹತ್ತು ಜನ ಇರಬಾರದಿತ್ತೇ ಅನ್ನಿಸಿತು.

ಹೊರಗೆ ಬಂದೆ. ಮಾಲೀಕರು ಬೆರಳು ಮಡಿಚುತ್ತಾ ಶುರು ಮಾಡಿದರು.

"ಮೊದಲು ಹಲ್ಲಿನ ಡಾಕ್ಟ್ರು. ಆಮೇಲೆ ಪೇಂಟರ್. ಅಕ್ಕ. ತಂಗಿ, ಪಾಪ ಅವಳಿಗೆ ನೆಗಡಿ. ತಾತ ಎದ್ದಿದ್ದು ಎರಡೇ ಸಲ. ಪರೀಕ್ಷೆ ಹುಡುಗಿ. ಕಿಟಕಿ ಸೀಟಿನ ಗಯ್ಯಾಳಿ..."

ಗಯ್ಯಾಳಿಗೆ ನಾನು ನನ್ನದೇ ದನಿ ಕೊಟ್ಟಿದ್ದೆ. ಹೊಟ್ಟೆಗೆ ಹಾಕಿಕೊಂಡೆ. ಒಂದೊಂದು ಹೆಸರಿಗೂ ಅತ್ತೆಯ ಮುಷ್ಟಿ ಕುರ್ಚಿಯ ಕೈಯನ್ನು ಗುದ್ದುತ್ತಿತ್ತು. ಒಬ್ಬರೂ ತಪ್ಪಲಿಲ್ಲ. ಡ್ರೈವರ್ ಕೂಡ ಸಿಕ್ಕಿದ. ನಾನು ಅತ್ತೆಯ ಕೈ ಹಿಡಿದುಕೊಳ್ಳಲು ಹೊರಟಿದ್ದೆ.

"ಒಬ್ಬಳು ಮಾತ್ರ ಸಿಗ್ಲಿಲ್ಲ," ಅಂದರು ಮಾಲೀಕರು. "ಮುಂದೆ ಹೋಗಿ, ಮುಂದೆ ಜಾಗ ಇದೆ ಅಂದಳಲ್ಲ, ಅವಳು. ಅಕ್ಕ ಅಲ್ಲ, ಗಯ್ಯಾಳಿ ಅಲ್ಲ. ಆ ದನಿ ಒಂದೇ ಸಲ ಬಂತು. ಆಮೇಲೂ ಅವಳು ಮತ್ತೆ ಮಾತಾಡ್ತಾಳೇನೋ ಅಂತ ಕಾಯ್ತಾನೇ ಇದ್ದೆ. ಯಾರು ಅವಳು?"

ಪಂದ್ಯ ಹೋಯಿತು, ಅದೂ ನನ್ನ ಬಾಯಿಂದ.

ಅತ್ತೆ ಹುಬ್ಬು ಗಂಟಿಕ್ಕಿದರು. "ಅಂಥೋಳು ಯಾರೂ ಇಲ್ವಲ್ಲ."

ಮಾಲೀಕರು ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿ ಆ ಮಾತನ್ನು ಕೇಳಿಸಿದರು. ದೊಡ್ಡ ಸ್ಪೀಕರಿನಲ್ಲಿ ಅದು ಕೋಣೆ ತುಂಬಿತು. ಕೇಳಿದ ಕೂಡಲೇ ಯಾರ ದನಿಯೆಂದು ನನಗೆ ಗೊತ್ತಾಯಿತು. ಅತ್ತೆಗೆ ಗೊತ್ತಾಗಲಿಲ್ಲ.

"ಅಬ್ಬಾ, ಏನು ಗಡಸು ಬಾಯಿ," ಅಂದರು. "ಎಲ್ಲಿಂದ ಹಿಡ್ಕೊಂಡು ಬಂದೆಯೇ ಇವಳನ್ನ? ತೆಗೆದ್ಬಿಡಿ ಸಾರ್, ಅವಳನ್ನ ಲೆಕ್ಕಕ್ಕೆ ತಗೋಬೇಡಿ. ಅವಳು ಪಾತ್ರ ಅಲ್ಲ, ಯಾರೂ ಅಲ್ಲ. ಕಂಡಕ್ಟರ್ ಅಷ್ಟೇ."

ನಿದ್ದೆ ಹೊಡೆಯುವ ಮುದುಕನನ್ನೂ ಇಳಿಸಲು ಒಪ್ಪದ ಹೆಂಗಸು ಇದನ್ನು ಹೇಳಿದರು, ಅದೂ ಕೈ ಕೊಡವಿದ ಹಾಗೆ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ಅತ್ತೆ, ಅದು ನಿಮ್ಮ ದನಿ."

"ನಂದಾ?"

"ನಿಮ್ಮದೇ. ದಿನಾ ಕೇಳ್ತೀನಲ್ಲ."

ಅವರು ಮಾಲೀಕರ ಕಡೆ ತಿರುಗಿ ಇನ್ನೊಂದು ಸಲ ಹಾಕಿ ಅಂದರು. ಕೇಳಿದರು. ಮತ್ತೊಂದು ಸಲ ಅಂದರು. ಮೂರನೆಯ ಸಲ ಅವರ ತುಟಿಯೂ ಆ ದನಿಯ ಜೊತೆ ಅಲುಗಿತು.

"ಇಷ್ಟು ಜನರನ್ನ ಬರೆದಿದ್ದೀರಿ," ಅಂದೆ. "ಯಾರ ಕೈಯಿಂದ ಟಿಕೆಟ್ ತಗೊಂಡ್ರು ಅಂತ ಒಂದು ಕಡೆನೂ ಬರೆದಿಲ್ಲ."

"ಕಂಡಕ್ಟರ್ ಮುಖ ಯಾರು ನೋಡ್ತಾರೆ ಬಿಡೇ. ನಾನೇ ನೋಡ್ಕೊಂಡಿಲ್ಲ."

ಮಾಲೀಕರು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡರು. "ಅಮ್ಮ, ಪಂದ್ಯ ಏನು? ಒಬ್ಬರನ್ನ ಇನ್ನೊಬ್ರು ಅಂದ್ಕೊಂಡ್ರೆ ಅಂತ. ನಾನು ಹಾಗೆ ಅಂದ್ಕೊಳ್ಳಲಿಲ್ಲ. ನೀವು ಗೆದ್ರಿ, ಪೂರ್ತಿ ಪುಸ್ತಕ ಮಾಡೋಣ. ಆದ್ರೆ ಅವಳು ಯಾರು ಅಂತ ನನಗೆ ಗೊತ್ತಾಗ್ಬೇಕು. ಒಬ್ಬಳು ಕಮ್ಮಿ ಇದ್ದಾಳೆ ನಿಮ್ಮ ಬಸ್ಸಲ್ಲಿ."

ನಾನು ಕುಣಿದೇಬಿಟ್ಟೆ, ನಾಚಿಕೆಯಿಲ್ಲದೆ. ಅತ್ತೆ ಕುಣಿಯಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಕಾಗದದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೆಟ್ಟ ಬಸ್ಸಿನ ಅಧ್ಯಾಯ ಹುಡುಕಿದರು. ಮಾಲೀಕರ ಜೇಬಿನಿಂದ ಕೇಳದೆಯೇ ಪೆನ್ನು ತೆಗೆದುಕೊಂಡರು.

"ಏನು ಬರೀತೀರಿ ಅತ್ತೆ?"

"ಎಲ್ಲರೂ ಕೆಳಗಿಳಿದಿದ್ದಾರೆ, ಸೀಟೆಲ್ಲ ಖಾಲಿ," ಅಂದರು, ತಲೆ ಎತ್ತದೆ. "ಮೊದಲು ಅವಳನ್ನ ಕೂರಿಸ್ತೀನಿ."