ಮೂರನೆಯ ಪ್ಯಾರಾ

ಡಾಕ್ಟರ್ ಉದಯಶಂಕರ್ ಮೂರನೆಯ ಪ್ಯಾರಾದ ಮೇಲೆ ಓರೆಯಾಗಿ ಒಂದು ಗೆರೆ ಎಳೆದರು. ಅದು ಸಾಲದೆಂಬಂತೆ ಇನ್ನೊಂದು ಎಳೆದು, ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ಊಟದ ಮೇಜಿನ ಮೇಲೆ ಸಿಂಧೂರಳ ಕಡೆಗೆ ಸರಿಸಿದರು.

"ಇದೊಂದು ತೆಗೆದುಬಿಡಮ್ಮ. ಮಿಕ್ಕಿದ್ದೆಲ್ಲ ಚೆನ್ನಾಗಿದೆ."

ಮೆಡಿಕಲ್ ಸ್ಕೂಲಿಗೆ ಅಪ್ಲೈ ಮಾಡುವವರು ತಾವು ಯಾಕೆ ಡಾಕ್ಟರಾಗಬೇಕು ಎಂಬುದನ್ನು ಒಂದೂವರೆ ಪುಟದಲ್ಲಿ ಬರೆದು ಕಳಿಸಬೇಕು. ಸಿಂಧೂರ ಅದನ್ನು ಹನ್ನೊಂದು ಸಲ ತಿದ್ದಿ ಬರೆದಿದ್ದಳು. ಕಳಿಸುವ ಮೊದಲು ಡಾಕ್ಟರು ಒಮ್ಮೆ ನೋಡಲಿ ಎಂದು ಅವಳ ಅಪ್ಪ ಗುರುಬಸಪ್ಪ ಭಾನುವಾರ ಬೆಳಿಗ್ಗೆ ಹೆಂಡತಿ ಮಗಳನ್ನು ಕೂರಿಸಿಕೊಂಡು ಸೆರಿಟೋಸ್‌ನಿಂದ ಸ್ಯಾನ್ ಡಿಯಾಗೊ ಬಳಿಯ ರಾಂಚೊ ಬರ್ನಾರ್ಡೊದ ಅವರ ಮನೆಯವರೆಗೆ ಡ್ರೈವ್ ಮಾಡಿಕೊಂಡು ಬಂದಿದ್ದ. ಉದಯಶಂಕರ್ ಮೂವತ್ತು ವರ್ಷ ಅನುಭವವಿದ್ದ ಹೃದ್ರೋಗ ತಜ್ಞರು. ಕನ್ನಡ ಸಂಘದವರ ಮಕ್ಕಳಲ್ಲಿ ಆರು ಮಂದಿ ಅವರ ಕೈಯಲ್ಲಿ ತಿದ್ದಿಸಿಕೊಂಡೇ ಸೀಟು ಪಡೆದಿದ್ದರು.

"ಯಾಕೆ ಅಂಕಲ್?" ಎಂದಳು ಸಿಂಧೂರ.

"ಕಮಿಟಿಯವರ ಮುಂದೆ ಸಾವಿರಾರು ಅಪ್ಲಿಕೇಶನ್ ಇರತ್ತೆ. ಬೇಡ ಅನ್ನೋಕೆ ಒಂದು ಕಾರಣ ಹುಡುಕ್ತಾ ಇರ್ತಾರೆ. ಅದನ್ನ ನೀನೇ ಅವರ ಕೈಗೆ ಕೊಟ್ರೆ ಹೇಗೆ? ನಿನ್ನ ಗ್ರೇಡು ಬಿದ್ದಿದ್ದು ಯಾವಾಗ? ಟ್ವೆಂಟಿ ಒನ್ನು, ಟ್ವೆಂಟಿ ಟೂ ಅಲ್ವಾ? ಕೋವಿಡ್ ಅಂತ ಬರಿ. ಆನ್‌ಲೈನ್ ಕ್ಲಾಸು, ಮನೇಲಿ ತೊಂದರೆ ಇತ್ತು ಅಂತ ಎರಡು ಲೈನು. ಯಾರೂ ಏನೂ ಕೇಳಲ್ಲ."

"ಆದರೆ ಅದು ಕೋವಿಡ್ ಅಲ್ಲ."

ಅಲ್ಲವೆಂಬುದು ಆ ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಗೊತ್ತಿತ್ತು. ಎರಡನೆಯ ವರ್ಷದಲ್ಲಿ, ಸ್ಯಾನ್ ಡಿಯಾಗೊದ ಹಾಸ್ಟೆಲಿನಲ್ಲಿದ್ದಾಗ, ಸಿಂಧೂರಳಿಗೆ ರಕ್ತ ಹೋಗತೊಡಗಿತ್ತು. ದಿನಕ್ಕೆ ಇಪ್ಪತ್ತು ಸಲ ಬಾತ್‌ರೂಮು. ಪರೀಕ್ಷೆಯ ನಡುವೆ ಎದ್ದು ಹೋದವಳು ವಾಪಸು ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತಿತ್ತು. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಡಿ, ಫಿಸಿಕ್ಸ್‌ನಲ್ಲಿ ಸಿ, ಇನ್ನೆರಡು ವಿಷಯ ಅರ್ಧಕ್ಕೇ ಬಿಟ್ಟದ್ದು. ದೊಡ್ಡ ಕರುಳಿನ ತುಂಬ ಹುಣ್ಣು ಎಂದು ಗೊತ್ತಾಯಿತು. ಯಾವ ಔಷಧಿಯೂ ಹಿಡಿಯಲಿಲ್ಲ. ಕೊನೆಗೆ ಆ ಕರುಳನ್ನೇ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಕ್ಕೆ ತಂದು, ಅದರ ಮೇಲೊಂದು ಚೀಲ ಅಂಟಿಸಿದರು. ಆ ಚೀಲ ಇನ್ನು ಜೀವನಪೂರ್ತಿ ಇರುವಂಥದ್ದು. ಮರುವರ್ಷ ಅವಳು ಅದೇ ಕೆಮಿಸ್ಟ್ರಿಯನ್ನು ಮತ್ತೆ ಓದಿ ಎ ತಂದಳು. ಡಿಗ್ರಿ ಮುಗಿಸಿ, ಈಗ ಸ್ಯಾನ್ ಪೀಡ್ರೊದ ಒಂದು ಕ್ಲಿನಿಕ್ಕಿನಲ್ಲಿ ಮೆಡಿಕಲ್ ಅಸಿಸ್ಟೆಂಟ್ ಆಗಿದ್ದಳು. ಹಡಗುಕಟ್ಟೆಯ ಕೆಲಸಗಾರರ ರಕ್ತ ತೆಗೆಯುವುದು, ಬಿ.ಪಿ. ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಅವಳ ಕೆಲಸ.

ಸಂಘದವರಿಗೂ ಊರಿನ ನೆಂಟರಿಗೂ ಅಪೆಂಡಿಕ್ಸ್ ಆಪರೇಷನ್ ಎಂದು ಹೇಳಿದವನು ಗುರುಬಸಪ್ಪ. ಡಾಕ್ಟರೆಂದು ಉದಯಶಂಕರ್ ಒಬ್ಬರಿಗೆ ಕರುಳಿನ ಕಾಯಿಲೆ ಎಂದಷ್ಟು ತಿಳಿಸಿದ್ದ. ಈಗ ಅವನು ಮೇಜಿನ ಮೇಲೆ ಬಾಗಿ, ಗೆರೆಗಳ ಕೆಳಗಿದ್ದುದನ್ನು ಓದಿ ಮಗಳ ಮುಖ ನೋಡಿದ.

"ಚೀಲದ ವಿಷಯಾನೂ ಬರದೀಯೇನು?"

"ಹೌದು."

"ಸಿಂಧೂರ, ಒಂದು ಮಾತು ಹೇಳ್ತೀನಿ," ಎಂದರು ಉದಯಶಂಕರ್. ದನಿ ತಗ್ಗಿಸಿದರು, ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳಿಸಬಾರದೆಂಬಂತೆ. "ನನಗೆ ಹದಿನೆಂಟು ವರ್ಷದಿಂದ ಡಯಾಬಿಟಿಸ್ ಇದೆ. ದಿನಾ ಇನ್ಸುಲಿನ್. ಆಸ್ಪತ್ರೇಲಿ ಒಬ್ಬರಿಗೂ ಗೊತ್ತಿಲ್ಲ. ಇದನ್ನ ಸುಳ್ಳು ಅನ್ನಲ್ಲ, ಜಾಣತನ ಅಂತಾರೆ."

ಸಿಂಧೂರ ಮನೆಯಲ್ಲಿ ಕನ್ನಡದ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಈಗ ಮಾತ್ರ ನಿಧಾನವಾಗಿ, ಅವ್ವನ ಕನ್ನಡದಲ್ಲಿ ಕೇಳಿದಳು.

"ಹದಿನೆಂಟು ವರ್ಷ ಎಲ್ಲಿ ಹೋಗಿ ಚುಚ್ಚಿಕೋತೀರಿ ಅಂಕಲ್? ಬಾತ್‌ರೂಮಿನಾಗ?"

ಉದಯಶಂಕರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಪೇಷೆಂಟ್ ಬಂದು ನಿಮ್ಮ ಮುಂದ ಎಲ್ಲಾ ಖರೇ ಹೇಳಬೇಕು. ಡಾಕ್ಟರ್ ಆಗೋರು ಮಾತ್ರ ಸುಳ್ಳು ಬರೀಬೇಕು. ನಂಗ ಇದು ತಿಳಿಯಂಗಿಲ್ಲ."

"ಸಿಂಧೂರಾ!" ಎಂದ ಗುರುಬಸಪ್ಪ.

ಅವಳು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅಷ್ಟರಲ್ಲಿ ಡಾಕ್ಟರ ಹೆಂಡತಿ ಅರುಂಧತಿ ಆಂಟಿ ತಟ್ಟೆಗಳನ್ನು ತಂದಿಟ್ಟರು. ಊಟ ಮುಗಿಯುವವರೆಗೂ ಮಾತೆಲ್ಲ ಈ ವರ್ಷದ ಸೆಕೆಯ ಬಗ್ಗೆಯೇ ನಡೆಯಿತು.

ಮೂವರೂ ವಾಪಸು ಹೊರಟರು. ಓಷನ್‌ಸೈಡ್ ದಾಟಿ, ಎಡಕ್ಕೆ ಸಮುದ್ರ ಬಿಸಿಲಿಗೆ ಹೊಳೆಯುತ್ತ ಜೊತೆಗೆ ಬರತೊಡಗಿದ ಮೇಲೆ, ಗುರುಬಸಪ್ಪ ಕನ್ನಡಿಯಲ್ಲಿ ಹಿಂದಿನ ಸೀಟಿನ ಮಗಳನ್ನು ನೋಡಿದ.

"ಅವರ ಮನ್ಯಾಗ ಕೂತು ಅವರಿಗೇ ಹಂಗ ಅನ್ನೋದೇನು? ನಾ ನಿನ್ನ ಚಲೋದಕ್ಕ ಹೇಳಾಕತ್ತೀನಿ. ಇಪ್ಪತ್ತಾರು ವರ್ಷ ಆತು ಪೋರ್ಟ್‌ನಾಗ ಕೆಲಸಾ ಮಾಡಾಕತ್ತು. ಮ್ಯಾಲೆ 'ಡ್ಯಾಮೇಜ್' ಅಂತ ಚೀಟಿ ಹಚ್ಚಿದ ಕಂಟೇನರ್ ಇರ್ತಾವು. ಒಳಗ ಮಾಲು ಎಷ್ಟ ಚಲೋ ಇರವಲ್ದ್ಯಾಕ, ಅದನ್ನ ಯಾರೂ ಮೊದಲ ಎತ್ತಂಗಿಲ್ಲ. ಬಾಜೂಕ ಸರಿಸಿ ಇಡ್ತಾರ."

ಮುಂದಿನ ಸೀಟಿನಲ್ಲಿದ್ದ ಜಯದೇವಿ ಗಂಡನ ಕಡೆಗೆ ಪೂರ್ತಿ ತಿರುಗಿದಳು.

"ಏನಂದ್ರಿ?"

"ಅಲ್ಲ, ಜನಾ ಹೆಂಗ ನೋಡ್ತಾರಂತ..."

"ಇನ್ನೊಮ್ಮೆ ಅನ್ನಬ್ಯಾಡ್ರಿ ಆ ಮಾತು." ಅವಳು ಹಿಂದಕ್ಕೆ ಕೈ ಚಾಚಿದಳು. "ಆ ಹಾಳಿ ಕೊಡವಾ."

ಜಯದೇವಿ ಆರ್ಟೀಸಿಯಾದ ಒಂದು ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಇಂಗ್ಲಿಷು ಅಂಗಡಿಗೆ ಬೇಕಾಗುವಷ್ಟು ಬರುತ್ತಿತ್ತು. ಕೆಂಪು ಗೆರೆಗಳ ಅಡಿಯಲ್ಲಿ ಬೆರಳಾಡಿಸಿ ಒಂದೆರಡು ಸಾಲು ಓದಲು ನೋಡಿದಳು. ಆಗದೆ ಹಾಳೆಯನ್ನು ಮತ್ತೆ ಹಿಂದಕ್ಕೆ ಕೊಟ್ಟಳು.

"ಕನ್ನಡದಾಗ ಹೇಳು. ಒಂದೂ ಬಿಡಬ್ಯಾಡ."

ಸಿಂಧೂರ ತಡವರಿಸುತ್ತ ಶುರು ಮಾಡಿದಳು. "ಮೊದಲನೇ ಸಲ ಚೀಲ ಸೋರಿದಾಗ ನಾನು ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ದೆ. ಬಜರ್ ಒತ್ತಾಕೂ ನಾಚಿಕೆ ಆಗಿತ್ತು. ನಮ್ಮವ್ವ ಟೇಲರ್. ಆಕಿ ನರ್ಸ್ ಬರೂತನಾ ಕಾಯಲಿಲ್ಲ. ಬರೇ ಕೈಲೆ ಒರಸಿದಳು. ಆಮ್ಯಾಲೆ ಕೈ ತೊಳಕೊಂಡು ಬಂದು ನರ್ಸ್ ಕಡೆ ಕೇಳಿದಳು, ಇದನ್ನ ಹೆಂಗ ಹಚ್ಚತಾರ, ನಂಗ ಕಲಿಸು ಅಂತ. ಮುಂದ ಚೀಲಕ್ಕ ಅರಿವಿ ಕವರ್ ಹೊಲದಳು, ಮೈಗೆ ಬೆವರು ಹತ್ತಬಾರದಂತ. ಆರೈಕೆ ಮಾಡೋದಂದ್ರ ಏನಂತ ನಾನು ಮೊದಲ ಕಲತದ್ದು ಆಕಿ ಕಡೆಯಿಂದ..."

ಅವಳು ನಿಲ್ಲಿಸಿದಳು.

"ಇದರಾಗ ನಾ ಅದೀನಲ್ಲ," ಎಂದಳು ಜಯದೇವಿ. ರಸ್ತೆಯನ್ನೇ ನೋಡುತ್ತಿದ್ದಳು. "ಅಂಗಡಿ ಬಿಟ್ಟು ನಾಕು ತಿಂಗಳು ಆ ದವಾಖಾನಿ ಕುರ್ಚಿ ಮ್ಯಾಲೆ ಕುಂತೀನಿ. ಡಾಕ್ಟರು ಇದನ್ನ ಹೊಡದು ಹಾಕಿದ್ರ, ನಾಕು ತಿಂಗಳು ನಾ ಎಲ್ಲಿದ್ದೆ? ಕೋವಿಡ್‌ನಾಗ?"

ಗುರುಬಸಪ್ಪ ಎಡಗಡೆಯ ಇಂಡಿಕೇಟರ್ ಹಾಕಿ ಲೇನ್ ಬದಲಿಸಿದ.

ಮಂಗಳವಾರ ಸಿಂಧೂರ ಅಪ್ಲಿಕೇಶನ್ನನ್ನು ಇಪ್ಪತ್ತೆರಡು ಸ್ಕೂಲುಗಳಿಗೆ ಕಳಿಸಿದಳು. ಮೂರನೆಯ ಪ್ಯಾರಾ ಇದ್ದ ಹಾಗೇ ಇತ್ತು.

ದಸರೆಯ ಹೊತ್ತಿಗೆ ಒಂಬತ್ತು ಕಡೆಯಿಂದ ಇಲ್ಲ ಎಂದು ಬಂತು. ಕ್ರಿಸ್‌ಮಸ್ಸಿನ ಹೊತ್ತಿಗೆ ಹದಿನಾರು. ಅವಳು ಒಂದೊಂದನ್ನೂ ಓದಿ, ಮಾರನೆಯ ದಿನ ಎಂದಿನಂತೆ ಏಳೂವರೆಗೆ ಕ್ಲಿನಿಕ್ಕಿನ ಬಾಗಿಲು ತೆರೆಯುತ್ತಿದ್ದಳು. ಮನೆಯಲ್ಲಿ ಗುರುಬಸಪ್ಪ ಅಪ್ಲಿಕೇಶನ್ನಿನ ಸುದ್ದಿ ಎತ್ತುತ್ತಿರಲಿಲ್ಲ. ಆದರೆ ಒಂದು ಸಂಜೆ ಅವಳು ದಣಿದು ಬಂದು ಸೋಫಾದಲ್ಲಿ ಒರಗಿದಾಗ, "ಚೀಲಾ ಸರಿ ಐತಿಲ್ಲೋ?" ಎಂದು ಕೇಳಿದ. ಎರಡೂವರೆ ವರ್ಷ ಅದನ್ನು 'ಅದು' ಎನ್ನುತ್ತಿದ್ದವನು. ಸಿಂಧೂರ ಕಣ್ಣು ತೆರೆದು, "ಇಟ್ಸ್ ಫೈನ್ ಅಪ್ಪಾ," ಎಂದಳು.

ಜನವರಿಯಲ್ಲಿ ಬೇರೆ ರಾಜ್ಯದ ಒಂದು ಸ್ಕೂಲಿನಿಂದ ಇಂಟರ್‌ವ್ಯೂಗೆ ಕರೆ ಬಂತು. ವಿಡಿಯೋ ಮೇಲೆಯೇ. ಕ್ಲಿನಿಕ್ಕಿನ ಸ್ಟೋರ್ ರೂಮಿನಲ್ಲಿ ಗ್ಲವ್ಸ್ ಡಬ್ಬಿಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಕೂತಳು. ಆ ಕಡೆ ಇದ್ದವರು ಬಿಳಿಗೂದಲಿನ ಒಬ್ಬ ಸರ್ಜನ್. ನಲವತ್ತು ನಿಮಿಷ ಕ್ಲಿನಿಕ್ಕಿನ ಬಗ್ಗೆ, ಅವಳು ಮತ್ತೆ ಓದಿದ ಕೆಮಿಸ್ಟ್ರಿಯ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಕನ್ನಡಕ ತೆಗೆದು ಕೇಳಿದರು: ಮೆಡಿಕಲ್ ಸ್ಕೂಲೆಂದರೆ ಮೈ ಮುರಿಯುವ ಕೆಲಸ, ಗಂಟೆಗಟ್ಟಲೆ ನಿಂತೇ ಇರಬೇಕು, ನಿಮ್ಮ ಈ ಸ್ಥಿತಿಯಲ್ಲಿ ಅದು ಸಾಧ್ಯವೇ ಎಂದು ನಿಮಗೇ ಅನುಮಾನ ಬಂದಿಲ್ಲವೇ?

"ನಾವು ಮಾತಾಡಲು ಶುರು ಮಾಡಿ ನಲವತ್ತು ನಿಮಿಷವಾಯಿತು ಡಾಕ್ಟರ್," ಎಂದಳು ಸಿಂಧೂರ. "ಅಷ್ಟು ಹೊತ್ತೂ ನನ್ನ ಚೀಲ ತನ್ನ ಕೆಲಸ ಮಾಡುತ್ತಲೇ ಇದೆ. ನಿಮಗೆ ಗೊತ್ತಾಯಿತೆ? ಇಲ್ಲಿನ ಪೇಷೆಂಟುಗಳಿಗೂ ಗೊತ್ತಾಗುವುದಿಲ್ಲ, ನಾನಾಗಿ ಹೇಳಿದರೆ ಮಾತ್ರ. ಯಾರಿಗೆ ಹೇಳಬೇಕು ಅನಿಸುತ್ತದೋ ಅವರಿಗೆ ಹೇಳುತ್ತೇನೆ. ನನಗೆ ಅನುಮಾನ ಬಂದಿದ್ದು ಕಾಯಿಲೆ ಇದ್ದಾಗ. ಈಗಿರುವುದು ಕಾಯಿಲೆಯಲ್ಲ, ಅದರ ಪರಿಹಾರ."

ಸರ್ಜನ್ ಏನೋ ಬರೆದುಕೊಂಡರು. ಏನು ಬರೆದರೆಂಬುದು ಕಾಣಲಿಲ್ಲ.

ಏಪ್ರಿಲ್‌ನಲ್ಲಿ ಅಲ್ಲಿಂದಲೂ ಇಲ್ಲ ಎಂದು ಬಂತು. ಉಳಿದ ಐದೂ ಅಷ್ಟರೊಳಗೆ ಬಂದಾಗಿತ್ತು.

ಆ ದಿನ ಅವಳು ಅತ್ತಳು. ಬಾತ್‌ರೂಮಿನಲ್ಲಿ ಅಡಗಿ ಕೂರದೆ, ಅಡುಗೆಮನೆಯ ಕಟ್ಟೆಗೆ ಒರಗಿ, ಎಲ್ಲರ ಎದುರಿಗೇ ಅತ್ತಳು. ಜಯದೇವಿ ಮಾಡುತ್ತಿದ್ದ ರೊಟ್ಟಿ ನಿಲ್ಲಿಸಲಿಲ್ಲ. ಬಿಸಿ ರೊಟ್ಟಿಯೊಂದಕ್ಕೆ ಬೆಣ್ಣೆ ಸವರಿ ಮಗಳ ಕೈಗಿಟ್ಟಳು.

ಉದಯಶಂಕರ್ ಫೋನ್ ಮಾಡಿದ್ದು ಆ ಶನಿವಾರ. ಗುರುಬಸಪ್ಪ ಗ್ಯಾರೇಜಿನಲ್ಲಿ ಏನೋ ರಿಪೇರಿ ಮಾಡುತ್ತ ಫೋನನ್ನು ಸ್ಪೀಕರಿನಲ್ಲಿ ಹಾಕಿದ್ದ. ಅಲ್ಲೇ ಇದ್ದ ಮೆಷಿನ್ನಿಗೆ ಬಟ್ಟೆ ಹಾಕಬೇಕೆಂದು ಬಂದ ಸಿಂಧೂರ ಒಳಬಾಗಿಲಲ್ಲೇ ನಿಂತಳು.

"ನಾನು ಮೊದಲೇ ಹೇಳಿದ್ದೆ ಗುರುಬಸಪ್ಪನೋರೆ. ಹುಡುಗಿ ಬುದ್ಧಿವಂತೆ, ಹಟ ಜಾಸ್ತಿ. ಜೂನ್‌ನಲ್ಲಿ ಅಪ್ಲಿಕೇಶನ್ ಮತ್ತೆ ಓಪನ್ ಆಗತ್ತೆ. ಈ ಸಲವಾದ್ರೂ ಆ ಪ್ಯಾರಾ ತೆಗೆಸಿ."

ಗುರುಬಸಪ್ಪ ಸ್ಪ್ಯಾನರ್ ಕೆಳಗಿಟ್ಟ.

"ಇಲ್ರಿ ಡಾಕ್ಟ್ರೇ. ಆಕಿ ಅದನ್ನ ಬರೀತಾಳ್ರಿ."

"ಅಲ್ಲ, ಇಪ್ಪತ್ತೆರಡು ಕಡೆ—"

"ಇಪ್ಪತ್ತೆರಡು ಮಂದಿ ಬ್ಯಾಡ ಅಂದ್ರ ಅದು ಆಗದ ಸಂಗತಿ ಆಗತೈತೇನ್ರಿ? ಆಗೇದ. ನಮ್ಮ ಮನ್ಯಾಗ ಆಗೇದ. ಈ ಸಲ ಮೂರನೇ ಪ್ಯಾರಾದಾಗ ಬ್ಯಾಡ, ಮೊದಲಿಗೇ ಹಾಕು ಅಂತ ನಾನ ಹೇಳೀನಿ."

ಅವನು ಅಂಥದ್ದೇನೂ ಹೇಳಿರಲಿಲ್ಲ. ಫೋನಿಟ್ಟು ತಿರುಗಿದಾಗ ಬಟ್ಟೆಯ ಬುಟ್ಟಿ ಹಿಡಿದು ನಿಂತ ಮಗಳು ಕಂಡಳು.

"ಬರೀತೀಯಿಲ್ಲೋ?" ಎಂದು ಕೇಳಿದ.

"ಬರೀತೀನಿ," ಎಂದಳು.

ಮೊದಲ ಪ್ಯಾರಾವಾಗಿಯೇ ಬರೆದಳು. ಹಿಂದಿನ ವರ್ಷದ ಇಪ್ಪತ್ತೆರಡಕ್ಕೆ ಇನ್ನೂ ಆರು ಸೇರಿಸಿ ಕಳಿಸಿದಳು. ಅಕ್ಟೋಬರ್‌ನಿಂದ ಮತ್ತೆ ಇಲ್ಲಗಳು ಬರತೊಡಗಿದವು, ನಡುವೆ ಮೂರು ಇಂಟರ್‌ವ್ಯೂಗಳೂ ಬಂದವು. ಜನವರಿಯ ಒಂದು ಮಧ್ಯಾಹ್ನ, ಹಡಗುಕಟ್ಟೆಯ ಕ್ರೇನ್ ಆಪರೇಟರ್ ಒಬ್ಬನ ತೋಳಿಗೆ ಅವಳು ರಬ್ಬರ್ ಪಟ್ಟಿ ಬಿಗಿಯುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ಅವಳು ರಕ್ತ ತೆಗೆದು, ಟ್ಯೂಬಿನ ಮೇಲೆ ಹೆಸರು ಬರೆದು, ಹತ್ತಿ ಒತ್ತಿ ಹಿಡಿಯಲು ಅವನಿಗೆ ಹೇಳಿ, ಆಮೇಲೆ ನೋಡಿದಳು. ಒಂದು ಕಡೆ ಹೂಂ ಎಂದಿದ್ದರು. ಹೋದ ವರ್ಷ ಇಂಟರ್‌ವ್ಯೂಗೂ ಕರೆಯದೆ ಇಲ್ಲ ಎಂದಿದ್ದ ಸ್ಕೂಲು ಅದು.

ಅಂದು ಸಂಜೆ ಜಯದೇವಿ ಗದಗಿನಲ್ಲಿದ್ದ ಅಕ್ಕ ಮಲ್ಲವ್ವನಿಗೆ ಫೋನ್ ಹಚ್ಚಿದಳು. ಅಲ್ಲಿ ಬೆಳಗಾಗಿತ್ತು. ಇಲ್ಲಿ ಹಾಲ್‌ನಲ್ಲಿ ಗುರುಬಸಪ್ಪ ಟಿವಿ ನೋಡುತ್ತಿದ್ದ. ಸೀಟು ಸಿಕ್ಕ ಸುದ್ದಿ ಒಂದು ನಿಮಿಷದಲ್ಲಿ ಮುಗಿಯಿತು. ಆ ಕಡೆಯಿಂದ ಏನೋ ಪ್ರಶ್ನೆ ಬಂದಿರಬೇಕು.

"ಅಪೆಂಡಿಕ್ಸ್ ಅಲ್ಲ ಯಕ್ಕಾ, ಅದು ಸುಳ್ಳು ಹೇಳಿದ್ವಿ," ಎಂದಳು ಜಯದೇವಿ. ದನಿ ತಗ್ಗಿಸಲಿಲ್ಲ. "ದೊಡ್ಡ ಕರಳು ತಗದಾರ. ಚೀಲಾ ಐತಿ. ಹೂಂ, ಕಾಯಂ."

ಗುರುಬಸಪ್ಪ ರಿಮೋಟ್ ತೆಗೆದುಕೊಂಡು ಟಿವಿಯ ಸದ್ದು ಪೂರ್ತಿ ಇಳಿಸಿದ.

"ಎಲ್ಲೆ ಅಂದ್ರ... ಇಲ್ಲೆ ನೋಡು, ಬಲಕ್ಕ, ಹೊಕ್ಕಳದ ಬಾಜೂಕ," ಎನ್ನುತ್ತ ಜಯದೇವಿ, ಅಷ್ಟು ದೂರದಲ್ಲಿದ್ದ ಅಕ್ಕನಿಗೆ ಕಾಣುವುದಿಲ್ಲವೆಂಬುದನ್ನು ಮರೆತು, ತನ್ನ ಸೀರೆಯ ಮೇಲೆ ಆ ಜಾಗದಲ್ಲಿ ಅಂಗೈ ಒತ್ತಿ ಹಿಡಿದಿದ್ದಳು.